ಶನಿವಾರ ಗಾಣ ನಿಲ್ಲಿಸಿದವರು

ಮುಂಬಯಿಯ ಹಾರ್ಬರ್ ಲೈನಿನಲ್ಲಿ ದಿನವೂ ಹೋಗಿ ಬರುವ ನಮ್ಮ ಬಾಂಧವರಿಗೆ ಮಸ್ಜಿದ್ ಎಂಬ ಸ್ಟೇಷನ್ ಚೆನ್ನಾಗಿ ಗೊತ್ತು. ಹತ್ತಿರದಲ್ಲೆಲ್ಲೋ ಒಂದು ದೊಡ್ಡ ಮಸೀದಿಯಿದ್ದು ಅದರಿಂದ ಆ ಹೆಸರು ಬಂದಿರಬೇಕೆಂದು ನಾವೆಲ್ಲ ಅಂದುಕೊಳ್ಳುವುದು ಸಹಜ. ಆದರೆ ಹೆಸರಿನ ಮೂಲ ಬೇರೆ ಎಂದು ಹಳೆಯ ಮುಂಬಯಿಯನ್ನು ಬಲ್ಲವರು ಹೇಳುತ್ತಾರೆ. ಮಾಂಡವಿಯ ಆ ಇಕ್ಕಟ್ಟಿನ ಓಣಿಗಳಲ್ಲಿ 1796ರಲ್ಲಿ ಯೆಹೂದ್ಯರು ಒಂದು ಪ್ರಾರ್ಥನಾ ಮಂದಿರ ಕಟ್ಟಿದರು. ಅದರ ಹೆಸರು 'ಶಾರ್ ಹರಹಮೀಮ್', ಅಂದರೆ ಕರುಣೆಯ ಬಾಗಿಲು. ಸುತ್ತಲಿನ ಜನ ಅದನ್ನು 'ಜೂನಿ ಮಸ್ಜಿದ್', ಹಳೆಯ ಮಸೀದಿ, ಎಂದೇ ಕರೆದರು. ಆ ಮಾತೇ ಮುಂದೆ ಸ್ಟೇಷನ್ನಿಗೆ ಅಂಟಿಕೊಂಡಿತಂತೆ.

ಈ ಮಂದಿರವನ್ನು ಕಟ್ಟಿಸಿದ ಸಾಮ್ಯುಯೆಲ್ ದಿವೇಕರ್ ಎಂಬವರು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿ ಅಧಿಕಾರಿಯಾಗಿದ್ದರು. ಎರಡನೆಯ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೈನ್ಯಕ್ಕೆ ಸೆರೆ ಸಿಕ್ಕರು. ಮರಣದಂಡನೆಯ ಹೊತ್ತಿಗೆ, ಇವರು ಬೆನೆ ಇಸ್ರೇಲ್ ಎಂದು ಕೇಳಿದ ಟಿಪ್ಪುವಿನ ತಾಯಿ, "ಕುರಾನಿನಲ್ಲಿ ಹೆಸರಿರುವ ಈ ಜನರನ್ನು ಕಣ್ಣಾರೆ ಕಂಡದ್ದು ಇದೇ ಮೊದಲು, ಇವರನ್ನು ಉಳಿಸು" ಎಂದು ಮಗನಿಗೆ ಹೇಳಿದಳೆಂದು ಅವರಲ್ಲಿ ತಲೆಮಾರುಗಳಿಂದ ಒಂದು ಹೇಳಿಕೆಯಿದೆ. ಬದುಕಿ ಬಂದ ದಿವೇಕರರು ಹರಕೆ ತೀರಿಸಲು ಮಂದಿರ ಕಟ್ಟಿದರು. ಹೀಗೆ ಮುಂಬಯಿಯ ಮೊದಲ ಸಿನಗಾಗಿನ ಕಥೆಯಲ್ಲಿ ನಮ್ಮ ಮೈಸೂರೂ ಒಂದಿಷ್ಟು ಪಾಲು ಪಡೆದಿದೆ.

ಬೆನೆ ಇಸ್ರೇಲ್ ಎಂದರೆ ಇಸ್ರೇಲನ ಮಕ್ಕಳು. ಅಲಿಬಾಗಿನ ಹತ್ತಿರ ನವಗಾಂವದ ಕಡಲ ದಂಡೆಯಲ್ಲಿ ಹಡಗು ಒಡೆದು, ಏಳು ಗಂಡಸರು ಏಳು ಹೆಂಗಸರು ಮಾತ್ರ ಬದುಕಿ ದಡ ಸೇರಿದರು, ತಾವು ಅವರ ಸಂತತಿ ಎಂದು ಇವರು ನಂಬುತ್ತಾರೆ. ಪುಸ್ತಕಗಳು ನೀರುಪಾಲಾದವು, ಹೀಬ್ರೂ ಭಾಷೆ ಮರೆತುಹೋಯಿತು. ಕೊಂಕಣದ ಹಳ್ಳಿಗಳಲ್ಲಿ ಎಣ್ಣೆಯ ಗಾಣ ಹಾಕಿಕೊಂಡು, ಮರಾಠಿ ಕಲಿತು, ಊರ ಹೆಸರಿನ ಮುಂದೆ 'ಕರ್' ಹಚ್ಚಿಕೊಂಡು ಎಲ್ಲರಂತೆ ಬಾಳಿದರು. ಆದರೆ ಶನಿವಾರ ಮಾತ್ರ ಗಾಣ ತಿರುಗಿಸುತ್ತಿರಲಿಲ್ಲ. ಹುಟ್ಟಿದ ಎಂಟನೆಯ ದಿನ ಗಂಡುಮಗುವಿಗೆ ಸುನ್ನತಿ ಮಾಡುತ್ತಿದ್ದರು. ರೆಕ್ಕೆ ಮತ್ತು ಹುರುಪೆ ಇಲ್ಲದ ಮೀನು ತಿನ್ನುತ್ತಿರಲಿಲ್ಲ. ದೇವನೊಬ್ಬನೇ ಎಂದು ಸಾರುವ 'ಶೆಮಾ' ಎಂಬ ಒಂದು ಪ್ರಾರ್ಥನೆಯನ್ನು ಬಾಯಿಪಾಠ ಉಳಿಸಿಕೊಂಡಿದ್ದರು. ಊರವರು ಇವರಿಗೆ 'ಶನಿವಾರ್ ತೇಲಿ' ಎಂದು ಹೆಸರಿಟ್ಟರು. ಮುಂದೆ ಕೊಚ್ಚಿಯಿಂದ ಬಂದ ಯೆಹೂದ್ಯರು ಇವರನ್ನು ಗುರುತಿಸಿದ್ದು ಇಷ್ಟೇ ಕುರುಹುಗಳಿಂದ.

ನಾವು ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಪರೀಕ್ಷೆ ಪಾಸಾಗಿ ಧಾರವಾಡದಿಂದ ಈ ಊರಿಗೆ ಬಂದಾಗ ನಮ್ಮ ಸೆಕ್ಷನ್ನಿನಲ್ಲಿ ಈ ಸಮಾಜದ ಹಿರಿಯರೊಬ್ಬರಿದ್ದರು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. ಟಿಪ್ಪಣಿ ಬರೆಯುವುದನ್ನು ನಮಗೆ ಕಲಿಸಿದವರು ಅವರೇ. 1985ರಲ್ಲಿ ಕೇಂದ್ರ ಸರಕಾರದ ಕಚೇರಿಗಳಿಗೆ ಐದು ದಿನದ ವಾರ ಬಂದಾಗ ಉಳಿದವರಿಗೆ ಒಂದು ರಜೆ ಹೆಚ್ಚಿತು. ಕಾಕಾ ಅವರಿಗೆ ಸಬ್ಬತ್ತಿನ ಚಿಂತೆ ತಪ್ಪಿತು ಎಂದು ನಗುತ್ತಿದ್ದರು. ಒಮ್ಮೆ ಸಂಸಾರ ಸಮೇತ ಅವರ ಮನೆಗೆ ಕರೆದಿದ್ದರು. ಬಾಗಿಲ ಚೌಕಟ್ಟಿನ ಬಲಬದಿಗೆ ಓರೆಯಾಗಿ ಬಡಿದ ಒಂದು ಸಣ್ಣ ಕೊಳವೆ. ಅದರೊಳಗಿನ ಚರ್ಮದ ಸುರುಳಿಯಲ್ಲಿ ಅದೇ ಶೆಮಾ. ಒಳಗೆ ಎಲಿಯಾಹು ಪ್ರವಾದಿಯ ಹೆಸರಿನಲ್ಲಿ 'ಮಲೀದಾ' ನಡೆದಿತ್ತು. ನೆನೆಸಿದ ಅವಲಕ್ಕಿ, ಕಾಯಿತುರಿ, ಸಕ್ಕರೆ, ಹಣ್ಣು. ನಮ್ಮ ಮನೆಯವರು ತಟ್ಟೆ ನೋಡಿ, "ಇದು ನಮ್ಮ ಗೋಕುಲಾಷ್ಟಮಿ ಅವಲಕ್ಕೀನ ಅಲ್ಲೇನ್ರಿ?" ಎಂದು ನಮ್ಮ ಕಿವಿಯಲ್ಲಿ ಹೇಳಿದರು.

ಹಾಗಾದರೆ ಯೆಹೂದ್ಯನೆಂದರೆ ಯಾರು? ಮುಖ ನೋಡಿ ಹೇಳುವಂತಿಲ್ಲ. ಕಾಕಾ ನಮ್ಮ ಕಾರವಾರದ ಕಡೆಯವರಂತೆಯೇ ಇದ್ದರು. ಭಾಷೆಯಿಂದ ಹೇಳುವಂತಿಲ್ಲ, ಯುರೋಪಿನವರು ಯಿಡ್ಡಿಷ್, ಸ್ಪೇನಿನಿಂದ ಹೊರಬಿದ್ದವರು ಲಾದಿನೋ, ಬಗ್ದಾದಿನವರು ಅರಬ್ಬಿ, ಇವರು ಮರಾಠಿ. ತಾಯಿ ಯೆಹೂದ್ಯಳಾಗಿದ್ದರೆ ಮಗು ಯೆಹೂದ್ಯ, ಇಲ್ಲವೆ ವಿಧಿಪೂರ್ವಕ ಮತಕ್ಕೆ ಸೇರಿದವನು ಯೆಹೂದ್ಯ ಎಂದು ಅವರ ಧರ್ಮಶಾಸ್ತ್ರ. ಆದರೆ ದೇವರನ್ನು ನಂಬದವನೂ ತಾನು ಯೆಹೂದ್ಯನೆಂದು ಹೇಳಿಕೊಳ್ಳುವುದುಂಟು. ಮತ, ಕುಲ, ನೆನಪು ಮೂರೂ ಹೆಣೆದುಕೊಂಡ ಹಗ್ಗ ಅದು. ಕ್ರಿ.ಪೂ. 586ರಲ್ಲಿ ಬ್ಯಾಬಿಲೋನಿನವರು ಜೆರುಸಲೇಮಿನ ದೇವಾಲಯವನ್ನು ಕೆಡವಿದರು. ಮತ್ತೆ ಕಟ್ಟಿದ್ದನ್ನು ಕ್ರಿ.ಶ. 70ರಲ್ಲಿ ರೋಮನರು ಸುಟ್ಟರು. ಗುಡಿ ಹೋದ ಮೇಲೆ ಗ್ರಂಥ ಉಳಿಯಿತು. ಹೋದ ಹೋದಲ್ಲಿ ಅದನ್ನು ಹೊತ್ತುಕೊಂಡು ಹೋದರು. ಪರವೂರಿನಲ್ಲಿ ಮಕ್ಕಳಿಗೆ ಕನ್ನಡ ಅಕ್ಷರ ಕಲಿಸಲು ಭಾನುವಾರದ ತರಗತಿ ನಡೆಸುವ ನಮ್ಮಂಥವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ನಾಡಿಗೂ ಅವರು ಹೊಸಬರಲ್ಲ. ಟ್ಯುನೀಸಿಯದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದ್ಯ ವ್ಯಾಪಾರಿ 1132ರ ಹೊತ್ತಿಗೆ ಮಂಗಳೂರಿನಲ್ಲಿದ್ದ. ಹಿತ್ತಾಳೆ ಪಾತ್ರೆಗಳ ಕೆಲಸ ನಡೆಸುತ್ತಿದ್ದ. ಆಶು ಎಂಬ ಇಲ್ಲಿಯ ಹೆಣ್ಣುಮಗಳೊಡನೆ ಬಾಳಿದ. 1149ರಲ್ಲಿ ಏಡನ್ನಿಗೆ ಮರಳಿದ. ಅವನ ಆಳು ಬೊಮ್ಮ ಸರಕು ತೆಗೆದುಕೊಂಡು ಏಡನ್ನಿಗೆ ಹೋಗಿ ಬರುತ್ತಿದ್ದ. ಈ ಪತ್ರವ್ಯವಹಾರ ಕೈರೋದ ಸಿನಗಾಗಿನ ಹಳೆಯ ಕಾಗದದ ಕೋಣೆಯಲ್ಲಿ ಸಿಕ್ಕಿತು. ಅಮಿತಾವ್ ಘೋಷರು 1992ರಲ್ಲಿ ಒಂದು ಪುಸ್ತಕವನ್ನೇ ಬರೆದರು.

ಇಷ್ಟೆಲ್ಲ ಬರೆಯಲು ಕಾರಣವುಂಟು. ಕಚೇರಿಯ ಊಟದ ಬಿಡುವಿನಲ್ಲಿ, ಮದುವೆಯ ಪಂಕ್ತಿಯಲ್ಲಿ, ಲೋಕಲ್ ಗಾಡಿಯ ಡಬ್ಬಿಯಲ್ಲಿ ನಾವು ಮತ್ತೆ ಮತ್ತೆ ಕೇಳುವ ಒಂದು ಮಾತಿದೆ: "ಈ ದೇಶಕ್ಕೆ ಒಬ್ಬ ಹಿಟ್ಲರ್ ಬೇಕು ನೋಡ್ರಿ." ಗಾಡಿ ತಡವಾದರೆ ಹಿಟ್ಲರ್ ಬೇಕು, ಲಂಚ ಹೆಚ್ಚಾದರೆ ಹಿಟ್ಲರ್ ಬೇಕು. ಫೋರ್ಟಿನ ಫುಟ್‌ಪಾತಿನ ಪುಸ್ತಕದಂಗಡಿಗಳಲ್ಲಿ ಅವನ ಆತ್ಮಕಥೆ ಉದ್ಯೋಗ ಮಾರ್ಗದರ್ಶಿಗಳ ಪಕ್ಕದಲ್ಲಿ ಬಿಕರಿಯಾಗುತ್ತದೆ. 2006ರಲ್ಲಿ ನವಿ ಮುಂಬಯಿಯ ಒಂದು ಹೋಟೆಲಿಗೆ ಅವನ ಹೆಸರನ್ನೇ ಇಟ್ಟು, ಯೆಹೂದ್ಯರು ಆಕ್ಷೇಪಿಸಿದ ಮೇಲೆ ಬದಲಿಸಿದರು. ಆ ಪುಸ್ತಕ ಕೊಳ್ಳುವ ನಮ್ಮ ಹುಡುಗರು ತಿಳಿಯಬೇಕು: ಭಾರತವು ಬೇರೆಯವರ ಕೈಗೆ ಹೋಗುವುದಕ್ಕಿಂತ ಬ್ರಿಟಿಷರ ಕೈಯಲ್ಲಿರುವುದೇ ಲೇಸು ಎಂದು ಅದರಲ್ಲಿ ಬರೆದಿದೆ.

ಒಂದು ದಿನ ನಮ್ಮ ಸೆಕ್ಷನ್ನಿನಲ್ಲಿಯೂ ಯಾರೋ ಆ ಮಾತನ್ನು ಆಡಿದರು. ಕಾಕಾ ಡಬ್ಬಿಯ ಮುಚ್ಚಳ ಹಾಕಿದರು. ಸಿಟ್ಟಿನಿಂದಲ್ಲ, ತಗ್ಗಿದ ದನಿಯಲ್ಲಿ ಹೇಳಿದರು: "ಬಂದರೆ ಮೊದಲ ಕಾಗದ ಇದೇ ಸೆಕ್ಷನ್ನಿಗೆ ಬರುತ್ತದೆ. ನನ್ನ ಹೆಸರು ಪಟ್ಟಿಗೆ ಸೇರಿಸಿ ಟೈಪು ಮಾಡುವವರು ನಿಮ್ಮಲ್ಲಿ ಒಬ್ಬರು." ಯಾರೂ ಉತ್ತರ ಕೊಡಲಿಲ್ಲ. ಆ ದಿನದಿಂದ ನಾವು ಈ ವಿಷಯ ಓದಲು ಹಿಡಿದೆವು.

ಈ ದ್ವೇಷದ ಬೇರು ಒಂದೇ ಅಲ್ಲ. ಮೊದಲನೆಯದು ಮತದ್ದು. ಏಸುವೂ ಯೆಹೂದ್ಯ, ಅವನ ಶಿಷ್ಯರೂ ಯೆಹೂದ್ಯರು. ಶಿಲುಬೆಗೆ ಏರಿಸಿದ್ದು ರೋಮನ್ ರಾಜ್ಯಪಾಲ ಪಿಲಾತನ ಆಜ್ಞೆ. ಆದರೂ 'ಕ್ರಿಸ್ತನನ್ನು ಕೊಂದವರು' ಎಂಬ ಅಪವಾದ ಇಡೀ ಜನಾಂಗದ ಮೇಲೆ, ಹುಟ್ಟಲಿರುವ ಮಕ್ಕಳ ಮೇಲೂ ಬಿತ್ತು. 1096ರಲ್ಲಿ ಮೊದಲ ಧರ್ಮಯುದ್ಧಕ್ಕೆ ಹೊರಟ ಗುಂಪುಗಳು ದಾರಿಯಲ್ಲಿ ರೈನ್ ನದಿಯ ತೀರದ ವರ್ಮ್ಸ್, ಮೈಂಟ್ಸ್ ಊರುಗಳಲ್ಲಿ ಯೆಹೂದ್ಯರನ್ನು ಕೊಂದವು. 1144ರಲ್ಲಿ ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ಒಬ್ಬ ಹುಡುಗ ಸತ್ತು ಬಿದ್ದಿದ್ದಕ್ಕೆ ಯೆಹೂದ್ಯರು ಬಲಿಕೊಟ್ಟರೆಂಬ ಸುದ್ದಿ ಹಬ್ಬಿ, ಅದೇ ಸುಳ್ಳು ಊರೂರಿಗೆ ನಡೆಯಿತು. ರಕ್ತವನ್ನು ಮುಟ್ಟಬಾರದೆಂದು ಮಾಂಸಕ್ಕೆ ಉಪ್ಪು ಹಚ್ಚಿ ಹಿಂಡುವ ಜನರ ಮೇಲೆ ರಕ್ತಪಾನದ ಆರೋಪ! ಯೆಹೂದ್ಯರು ಬೇರೆ ಗುರುತಿನ ಉಡುಪು ತೊಡಬೇಕೆಂದು 1215ರಲ್ಲಿ ಚರ್ಚಿನ ಮಹಾಸಭೆ ಗೊತ್ತುವಳಿ ಮಾಡಿತು. ಏಸುವಿನ ಸಾವಿಗೆ ಎಲ್ಲ ಯೆಹೂದ್ಯರನ್ನೂ ಹೊಣೆ ಮಾಡಬಾರದೆಂದು ವ್ಯಾಟಿಕನ್ ಸ್ಪಷ್ಟವಾಗಿ ಸಾರಿದ್ದು 1965ರಲ್ಲಿ.

ಎರಡನೆಯ ಬೇರು ಹಣದ್ದು. ಹೊಲ ಕೊಳ್ಳುವ ಹಕ್ಕನ್ನು ಬಹಳ ಕಡೆ ಕೊಡಲಿಲ್ಲ. ಕಸುಬುದಾರರ ಸಂಘಗಳಿಗೆ ಸೇರಿಸಲಿಲ್ಲ. ಕ್ರೈಸ್ತನು ಕ್ರೈಸ್ತನಿಗೆ ಬಡ್ಡಿಗೆ ಕೊಡುವುದು ಪಾಪವೆಂದು ಚರ್ಚು ವಿಧಿಸಿತು. ಆದರೆ ಸಾಲವಿಲ್ಲದೆ ರಾಜ್ಯ ನಡೆಯುತ್ತದೆಯೆ? ಉಳಿದ ಆ ಒಂದು ಬಾಗಿಲಿಗೆ ಯೆಹೂದ್ಯರನ್ನು ನೂಕಿ, ಅವರು ಗಳಿಸಿದ್ದನ್ನು ರಾಜರು ತೆರಿಗೆಯಾಗಿ ಹಿಂಡಿದರು. ಜನ ಬೈದದ್ದು ಮಾತ್ರ ಯೆಹೂದ್ಯನನ್ನು. ಅವರಲ್ಲಿ ಬಹುಪಾಲು ಬಡವರು ಎಂಬುದು ಯಾರಿಗೂ ಬೇಕಿರಲಿಲ್ಲ. ಹಿಂಡಲು ಏನೂ ಉಳಿಯದಿದ್ದಾಗ ಹೊರಹಾಕಿದರು: ಇಂಗ್ಲೆಂಡು 1290ರಲ್ಲಿ, ಫ್ರಾನ್ಸು 1306ರಲ್ಲಿ, ಸ್ಪೇನು 1492ರಲ್ಲಿ.

ಮುಸ್ಲಿಮರ ನಾಡುಗಳಲ್ಲಿ ಅವರು ಎರಡನೆಯ ದರ್ಜೆಯ ಪ್ರಜೆಗಳಾಗಿ, ಜಿಜಿಯಾ ತೆತ್ತು, ಬಹುಕಾಲ ಯುರೋಪಿಗಿಂತ ನೆಮ್ಮದಿಯಾಗಿ ಬಾಳಿದರು. ಅಲ್ಲಿಯೂ 1066ರ ಗ್ರನಾಡದ ಹತ್ಯೆ, 1941ರ ಬಗ್ದಾದಿನ ಹತ್ಯೆ ನಡೆದವು. ಬಗ್ದಾದಿನ ಪಾಶಾನ ಕಾಟದಿಂದ ತಪ್ಪಿಸಿಕೊಂಡು ಹೊರಟ ಡೇವಿಡ್ ಸಸೂನ್ 1830ರ ದಶಕದಲ್ಲಿ ಮುಂಬಯಿಗೆ ಬಂದು ನೆಲಸಿದ. ಸಸೂನ್ ಡಾಕು, ಸಸೂನ್ ಲೈಬ್ರರಿ ಎಂದು ನಾವು ದಿನವೂ ಹೇಳುವ ಹೆಸರು ಆ ಮನೆತನದ್ದು.

ಮೂರನೆಯದು ಭಯ. ಇದನ್ನು ವಿಜ್ಞಾನ ಓದಿದವರಾಗಿ ನಾವು ತುಸು ಬಿಡಿಸಿ ಹೇಳಬೇಕು. 1347ರಲ್ಲಿ ಯುರೋಪನ್ನು ಪ್ಲೇಗು ಹೊಕ್ಕಿತು. ರೋಗ ಏಕೆ ಬರುತ್ತದೆಂದು ಯಾರಿಗೂ ತಿಳಿಯದು. ಯೆಹೂದ್ಯರು ಬಾವಿಗೆ ವಿಷ ಹಾಕಿದರೆಂದು ಯಾರೋ ಅಂದರು. ಚಿತ್ರಹಿಂಸೆ ಕೊಟ್ಟು ಒಪ್ಪಿಸಿದರು. ಒಪ್ಪಿದ್ದನ್ನೇ ಸಾಕ್ಷಿಯೆಂದು ಊರಿಂದ ಊರಿಗೆ ಬರೆದು ಕಳಿಸಿದರು. ಯೆಹೂದ್ಯರೂ ಸಾಯುತ್ತಿದ್ದಾರೆ, ಅವರಿಲ್ಲದ ಊರಿನಲ್ಲಿಯೂ ರೋಗವಿದೆ ಎಂದು ಪೋಪ್ ಆರನೆಯ ಕ್ಲೆಮೆಂಟ್ ಶಾಸನವನ್ನೇ ಹೊರಡಿಸಿದ. ಕೇಳುವವರಿರಲಿಲ್ಲ. 1349ರ ಫೆಬ್ರವರಿ 14ರಂದು ಸ್ಟ್ರಾಸ್‌ಬರ್ಗ್ ನಗರದಲ್ಲಿ ನೂರಾರು ಯೆಹೂದ್ಯರನ್ನು ಸುಟ್ಟರು. ಆಗ ಆ ಊರಿಗೆ ಪ್ಲೇಗು ಇನ್ನೂ ಬಂದೇ ಇರಲಿಲ್ಲ. ಸತ್ತವರಿಗೆ ಕೊಡಬೇಕಾಗಿದ್ದ ಸಾಲಗಳೆಲ್ಲ ರದ್ದಾದವು.

ಈಗ ಐದೂವರೆ ನೂರು ವರ್ಷ ದಾಟಿ ನಮ್ಮ ಮುಂಬಯಿಗೆ ಬನ್ನಿ. 1896ರಲ್ಲಿ ಮಾಂಡವಿಯ ಗೋದಾಮುಗಳಲ್ಲಿ ಇಲಿ ಬಿದ್ದು ಊರಿಗೆ ಊರೇ ಓಡತೊಡಗಿತು. ಆ ಅಕ್ಟೋಬರಿನಲ್ಲಿ ಇಲ್ಲಿಗೆ ಬಂದಿಳಿದವನು ವಾಲ್ಡೆಮಾರ್ ಹಾಫ್‌ಕಿನ್, ಒಡೆಸ್ಸಾದ ಯೆಹೂದ್ಯ. ರಶಿಯದಲ್ಲಿ ಮತ ಬಿಡದ ಹೊರತು ಅವನಿಗೆ ವಿದ್ವತ್ತಿಗೆ ತಕ್ಕ ಹುದ್ದೆ ಇರಲಿಲ್ಲ, ಅವನು ಬಿಡಲಿಲ್ಲ. ಗ್ರ್ಯಾಂಟ್ ಮೆಡಿಕಲ್ ಕಾಲೇಜಿನ ಒಂದು ಕೋಣೆ, ಒಬ್ಬ ಗುಮಾಸ್ತ, ಮೂವರು ಜವಾನರು. ಅಷ್ಟರಲ್ಲಿ ಮೂರೇ ತಿಂಗಳಿಗೆ ಪ್ಲೇಗಿನ ಲಸಿಕೆ ಸಿದ್ಧಪಡಿಸಿದ. 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡ. ಮರುವರ್ಷ ನಮ್ಮ ಹುಬ್ಬಳ್ಳಿ, ಧಾರವಾಡಗಳಲ್ಲಿ ಸಾವಿರಾರು ಜನ ಆ ಲಸಿಕೆ ಹಾಕಿಸಿಕೊಂಡರು. ನಮ್ಮ ಅಜ್ಜಿ ತನ್ನ ಹಿರಿಯರಿಂದ ಕೇಳಿ ಹೇಳುತ್ತಿದ್ದುದು ನೆನಪಿದೆ: "ಇಲಿ ಬಿದ್ದ ಕೂಡ್ಲೆ ಊರ ಬಿಟ್ಟು ಹೊಲದಾಗ ಗುಡಸಲಾ ಹಾಕ್ಕೊಂಡ್ರಂತ. ಸೂಜಿ ಹಾಕಿಸ್ಕೊಂಡಾವ್ರು ಉಳದ್ರಂತ." ಸೂಜಿಯ ಹಿಂದಿನ ಹೆಸರು ಅಜ್ಜಿಗೆ ಗೊತ್ತಿರಲಿಲ್ಲ.

ಹಳೆಯ ಅಪವಾದ ಹೊಸ ವೇಷದಲ್ಲಿ ಅವನನ್ನೂ ಬಿಡಲಿಲ್ಲ. 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದೇ ಬಾಟಲಿಯಿಂದ ಲಸಿಕೆ ಹಾಕಿಸಿಕೊಂಡ 19 ಮಂದಿ ಧನುರ್ವಾಯುವಿನಿಂದ ಸತ್ತರು. ತಪ್ಪು ಪ್ರಯೋಗಶಾಲೆಯದೆಂದು ಹಾಫ್‌ಕಿನ್‌ನನ್ನು ಕೆಲಸದಿಂದ ದೂರವಿಟ್ಟರು. ಹಳ್ಳಿಯಲ್ಲಿ ಬಾಟಲಿ ತೆರೆಯುವಾಗ ಚಿಮುಟ ನೆಲಕ್ಕೆ ಬಿದ್ದದ್ದು, ಅದನ್ನು ಸರಿಯಾಗಿ ಶುದ್ಧಿ ಮಾಡದೆ ಬಳಸಿದ್ದು ದಾಖಲೆಯಲ್ಲೇ ಇತ್ತು. ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಪತ್ರಿಕೆಯಲ್ಲಿ ಬರೆದ ಮೇಲೆ 1907ರಲ್ಲಿ ಅವನು ನಿರ್ದೋಷಿಯೆಂದಾಯಿತು. ಫ್ರಾನ್ಸಿನಲ್ಲಿ ಯೆಹೂದ್ಯ ಸೇನಾಧಿಕಾರಿ ಡ್ರೇಫಸ್‌ನನ್ನು 1894ರಲ್ಲಿ ಸುಳ್ಳು ದೇಶದ್ರೋಹಕ್ಕೆ ಸಿಲುಕಿಸಿ 1906ರಲ್ಲಿ ನಿರ್ದೋಷಿಯೆಂದು ಸಾರಿದ್ದನ್ನು ನೆನೆದು, ಇದನ್ನು 'ಪುಟ್ಟ ಡ್ರೇಫಸ್ ಪ್ರಕರಣ' ಎಂದರು. ಪರೇಲಿನ ಆ ಪ್ರಯೋಗಶಾಲೆಗೆ 1925ರಲ್ಲಿ ಹಾಫ್‌ಕಿನ್ ಹೆಸರಿಟ್ಟರು.

ನಾಲ್ಕನೆಯ ಬೇರು ರಕ್ತದ ಮಾತು. ಮೊದಲೆಲ್ಲ ಮತ ಬಿಟ್ಟವನಿಗೆ ಬಿಡುಗಡೆಯಿತ್ತು. ಸ್ಪೇನಿನ ಟೊಲೆಡೊ ನಗರ 1449ರಲ್ಲಿ, ಕ್ರೈಸ್ತನಾದವನ ರಕ್ತವೂ ಯೆಹೂದ್ಯ ರಕ್ತವೇ ಎಂದು ಅಧಿಕಾರಸ್ಥಾನಗಳನ್ನು ನಿಷೇಧಿಸಿತು. 1879ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಮಾರ್ ಎಂಬವನು 'ಆಂಟಿಸೆಮಿಟಿಸಂ' ಎಂಬ ಮಾತನ್ನು ಪ್ರಚಾರಕ್ಕೆ ತಂದು ದ್ವೇಷಕ್ಕೆ ವಿಜ್ಞಾನದ ಕೋಟು ತೊಡಿಸಿದ. ಯೆಹೂದ್ಯ ಹಿರಿಯರು ಲೋಕವನ್ನಾಳಲು ಗುಟ್ಟಾಗಿ ಸಂಚು ಹೂಡಿದ್ದಾರೆಂಬ ಕೃತಿಯೊಂದು 1903ರಲ್ಲಿ ರಶಿಯದಲ್ಲಿ ಅಚ್ಚಾಯಿತು. ಅದು ಬೇರೊಂದು ಪುಸ್ತಕದಿಂದ ಕದ್ದು ಹೊಲಿದ ಖೋಟಾ ಎಂದು ಲಂಡನ್ನಿನ 'ಟೈಮ್ಸ್' 1921ರಲ್ಲಿ ಸಾಲುಸಾಲಾಗಿ ತೋರಿಸಿತು. ಆದರೂ ಅದು ಇಂದಿಗೂ ಮಾರಾಟವಾಗುತ್ತಿದೆ.

ಇಲ್ಲಿಂದ ಮುಂದಿನದು ನಮ್ಮಂಥ ಗುಮಾಸ್ತರು ಗಮನವಿಟ್ಟು ಓದಬೇಕಾದ ಭಾಗ. 1935ರ ನ್ಯೂರೆಂಬರ್ಗ್ ಕಾನೂನುಗಳು ಬಂದಾಗ ಯಾರು ಯೆಹೂದ್ಯ ಎಂದು ತೀರ್ಮಾನಿಸಬೇಕಾಯಿತು. ರಕ್ತದ ಮಾತಾಡುತ್ತಿದ್ದವರ ಬಳಿ ರಕ್ತ ನೋಡಿ ಹೇಳುವ ಪರೀಕ್ಷೆ ಒಂದೂ ಇರಲಿಲ್ಲ, ಇರಲು ಸಾಧ್ಯವೂ ಇಲ್ಲ. ಆದ್ದರಿಂದ ಅಜ್ಜ ಅಜ್ಜಿಯರು ಯಾವ ಮತಕ್ಕೆ ಸೇರಿದವರೆಂದು ರಿಜಿಸ್ಟರು ತೆಗೆದು ನೋಡಿದರು. ನಾಲ್ವರಲ್ಲಿ ಮೂವರು ಸಿನಗಾಗಿಗೆ ಸೇರಿದ್ದರೆ ಮೊಮ್ಮಗ ಯೆಹೂದ್ಯ. 1938ರಲ್ಲಿ ಗಂಡಸರ ಹೆಸರಿಗೆ 'ಇಸ್ರೇಲ್', ಹೆಂಗಸರ ಹೆಸರಿಗೆ 'ಸಾರಾ' ಸೇರಿಸಬೇಕೆಂದು ಆಜ್ಞೆಯಾಯಿತು. ಪಾಸ್‌ಪೋರ್ಟಿನ ಮೇಲೆ ಕೆಂಪು 'ಜೆ' ಅಕ್ಷರದ ಠಸ್ಸೆ ಬಿತ್ತು. 1942ರ ಜನವರಿ 20ರಂದು ಬರ್ಲಿನ್ನಿನ ವಾನ್‌ಸೀ ಬಂಗಲೆಯಲ್ಲಿ ಹದಿನೈದು ಅಧಿಕಾರಿಗಳು ಸಭೆ ಸೇರಿ, ಯುರೋಪಿನ ಯೆಹೂದ್ಯರನ್ನೆಲ್ಲ ಮುಗಿಸುವ ಕೆಲಸವನ್ನು ಇಲಾಖೆಗಳಿಗೆ ಹಂಚಿ, ನಡಾವಳಿ ಬರೆದರು. ಸಾವಿನ ಶಿಬಿರಗಳಿಗೆ ಒಯ್ಯುವ ಗಾಡಿಗಳಿಗೆ ಅಲ್ಲಿಯ ರೈಲ್ವೆ ಟಿಕೆಟ್ಟಿನ ಲೆಕ್ಕ ಹಚ್ಚಿತು: ಹತ್ತು ವರ್ಷದೊಳಗಿನ ಮಕ್ಕಳಿಗೆ ಅರ್ಧ ಚಾರ್ಜು. ಒಟ್ಟು ಸುಮಾರು 60 ಲಕ್ಷ ಜನ ಸತ್ತರು. ಇಷ್ಟು ಕೆಲಸವನ್ನು ಒಬ್ಬ ಹಿಟ್ಲರ್ ಮಾಡಲಾರ. ಪಟ್ಟಿ ಟೈಪು ಮಾಡಿದವರು, ಠಸ್ಸೆ ಒತ್ತಿದವರು, ಬಿಲ್ಲು ಪಾಸು ಮಾಡಿದವರು ಸಂಜೆ ಮನೆಗೆ ಹೋಗಿ ಮಕ್ಕಳ ಪಾಠ ನೋಡುತ್ತಿದ್ದವರೇ.

ಅದೇ ಠಸ್ಸೆಯಿಂದ ಉಳಿಸಿದವರೂ ಇದ್ದರು. 1940ರ ಜೂನಿನಲ್ಲಿ ಫ್ರಾನ್ಸಿನ ಬೋರ್ಡೊದಲ್ಲಿ ಪೋರ್ಚುಗಲ್ಲಿನ ಕಾನ್ಸಲ್ ಆಗಿದ್ದ ಅರಿಸ್ಟಿಡೆಸ್ ದ ಸೌಸಾ ಮೆಂಡಿಸ್, ತನ್ನ ಸರಕಾರದ ಸುತ್ತೋಲೆಯನ್ನು ಬದಿಗಿಟ್ಟು ಬಂದವರಿಗೆಲ್ಲ ವೀಸಾ ಕೊಟ್ಟ. ಅದೇ ಬೇಸಿಗೆಯಲ್ಲಿ ಲಿಥುವೇನಿಯದ ಕೌನಸ್‌ನಲ್ಲಿ ಜಪಾನಿನ ಸುಗಿಹಾರಾ ಎರಡು ಸಾವಿರಕ್ಕೂ ಹೆಚ್ಚು ವೀಸಾಗಳನ್ನು ಬರೆದು ಕೊಟ್ಟ. ಮೆಂಡಿಸ್ ಕೆಲಸ ಕಳೆದುಕೊಂಡು 1954ರಲ್ಲಿ ಬಡತನದಲ್ಲಿ ತೀರಿಕೊಂಡ.

ಹೊರದೂಡಿಸಿಕೊಂಡವರಲ್ಲಿ ಕೆಲವರು ನಮ್ಮಲ್ಲಿಗೂ ಬಂದರು. ಬಿ.ಎಸ್ಸಿ.ಯಲ್ಲಿ ನಾವು ಓದಿದ ಕ್ವಾಂಟಂ ಪಾಠದ ಮ್ಯಾಕ್ಸ್ ಬಾರ್ನ್, ಯೆಹೂದ್ಯನೆಂದು 1933ರಲ್ಲಿ ಗಟ್ಟಿಂಗನ್ನಿನ ಕೆಲಸ ಕಳೆದುಕೊಂಡು, ರಾಮನ್ನರ ಕರೆಯ ಮೇರೆಗೆ 1935-36ರಲ್ಲಿ ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ಕೆಲ ತಿಂಗಳು ಇದ್ದರು. 1954ರಲ್ಲಿ ಅವರಿಗೆ ನೊಬೆಲ್ ಬಂತು. ಬರ್ಲಿನ್ನಿನ ಒಟ್ಟೊ ಕೋನಿಗ್ಸ್‌ಬರ್ಗರ್ 1939ರಿಂದ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ, ಬೆಂಗಳೂರಿನಲ್ಲಿ ಇಂದಿಗೂ ನಿಂತಿರುವ ಕಟ್ಟಡಗಳನ್ನು ರಚಿಸಿದರು. ಮುಂಜಾನೆ ಆಕಾಶವಾಣಿ ತೆರೆಯುವಾಗ ಬರುವ ಆ ತಂಬೂರಿ ಪಿಟೀಲಿನ ರಾಗ ನಮ್ಮ ತಂದೆಯವರಿಗೆ ಗಡಿಯಾರವೇ ಆಗಿತ್ತು. ಅದನ್ನು ಹೊಂದಿಸಿದವರು, 1934ರಲ್ಲಿ ಮುಂಬಯಿಗೆ ಬಂದ ಯೆಹೂದ್ಯ ವಾಲ್ಟರ್ ಕೌಫ್‌ಮನ್ ಎನ್ನುತ್ತಾರೆ.

ಭಾರತದಲ್ಲಿ ತಮಗೆ ನೆರೆಹೊರೆಯವರಿಂದ ಕಾಟವಾಗಲಿಲ್ಲ ಎಂದು ಕಾಕಾ ಹೆಮ್ಮೆಯಿಂದಲೇ ಹೇಳುತ್ತಿದ್ದರು. 2008ರ ನವೆಂಬರ್ 26ರ ರಾತ್ರಿ ಕೊಲಾಬಾದ ನರಿಮನ್ ಹೌಸಿಗೆ ಹೊರಗಿನಿಂದ ಬಂದ ಉಗ್ರರು ನುಗ್ಗಿ, ಯೆಹೂದ್ಯ ಧರ್ಮಗುರು, ಅವರ ಪತ್ನಿ ಸೇರಿ ಆರು ಜನರನ್ನು ಕೊಂದರು. ಅವರ ಎರಡು ವರ್ಷದ ಕೂಸನ್ನು ಎತ್ತಿಕೊಂಡು ಹೊರಗೋಡಿ ಬಂದವಳು ಮನೆಯ ಆಯಾ ಸಾಂಡ್ರಾ. ಮರುವಾರ ಕಾಕಾ ಕಚೇರಿಗೆ ಬಂದರು. ಎಂದಿನಂತೆ ಟಪಾಲು ನೋಡಿದರು. ನಿವೃತ್ತರಾದ ಮೇಲೆ ಮಕ್ಕಳಿರುವ ಇಸ್ರೇಲಿಗೆ ಹೋದರು. 1948ರ ನಂತರ ಬಹುಪಾಲು ಬೆನೆ ಇಸ್ರೇಲಿಗಳು ಹೋದದ್ದು ಅಲ್ಲಿಗೇ. ಅಲ್ಲಿಯೂ, "ಇವರು ಪೂರ್ಣ ಯೆಹೂದ್ಯರು ಹೌದೋ ಅಲ್ಲವೋ" ಎಂದು ಮದುವೆಯ ವಿಷಯದಲ್ಲಿ ಧರ್ಮಾಧಿಕಾರಿಗಳು ತಕರಾರು ತೆಗೆದು, 1964ರಲ್ಲಿ ಇವರು ಧರಣಿ ಕೂತ ಮೇಲೆ ಪಾರ್ಲಿಮೆಂಟು ನಡುವೆ ಬರಬೇಕಾಯಿತು. ಇಲ್ಲಿ ಕೆಲವೇ ಸಾವಿರ ಜನ ಉಳಿದಿದ್ದಾರೆ.

2023ರ ಅಕ್ಟೋಬರ್ 7ರ ಹತ್ಯೆ, ಅದರ ನಂತರ ಗಾಜಾದಲ್ಲಿ ನಡೆದ ಯುದ್ಧ, ಇವುಗಳ ಬಗ್ಗೆ ನಮ್ಮ ಮನೆಗಳಲ್ಲಿಯೂ ವಾದವಾಗಿದೆ. ಸತ್ತ ಎರಡೂ ಕಡೆಯ ಮಕ್ಕಳಿಗಾಗಿ ಮರುಗುವುದಕ್ಕೆ, ಒಂದು ಸರಕಾರದ ನಡೆಯನ್ನು ಟೀಕಿಸುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಅದರ ಸಿಟ್ಟನ್ನು ಮುಂಬಯಿಯಲ್ಲೋ ಪ್ಯಾರಿಸಿನಲ್ಲೋ ಶನಿವಾರ ಪ್ರಾರ್ಥನೆಗೆ ಹೊರಟ ಮುದುಕನ ಮೇಲೆ ತೀರಿಸಹೊರಟರೆ ಅದು ಸ್ಟ್ರಾಸ್‌ಬರ್ಗಿನ ಲೆಕ್ಕವೇ.

ನಾವು ಪರವೂರಿನಲ್ಲಿರುವವರು. 1960ರ ದಶಕದ ಕೊನೆಯಲ್ಲಿ ದಕ್ಷಿಣದವರು ಕೆಲಸ ಕಿತ್ತುಕೊಂಡರೆಂಬ ಕೂಗೆದ್ದು ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದುದನ್ನು ನಮ್ಮ ಸಂಘದ ಹಿರಿಯರು ಕಂಡಿದ್ದಾರೆ. ಅದನ್ನೂ ಯೆಹೂದ್ಯರು ಪಟ್ಟದ್ದನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು. ಆದರೆ 'ಅವರೆಲ್ಲ ಹೀಗೆಯೇ' ಎಂಬ ಮಾತು ಕಿವಿಗೆ ಬಿದ್ದಾಗ ಕೇಳಿ ಸುಮ್ಮನಿರುವ ಹಕ್ಕು ನಮಗಿಲ್ಲ. ಆ ಮಾತನ್ನು ಇಂದು ಬಿಹಾರದವನ ಮೇಲೆ, ನಾಳೆ ಇನ್ನೊಬ್ಬನ ಮೇಲೆ ನಮ್ಮವರೇ ಆಡುವುದನ್ನು ಕೇಳುತ್ತಿದ್ದೇವೆ. ಕಚೇರಿಯಲ್ಲಿ ಆಧಾರವಿಲ್ಲದ ಟಿಪ್ಪಣಿಗೆ ಸಹಿ ಹಾಕುವುದಿಲ್ಲ. ಯಾರು, ಎಂದು, ಎಲ್ಲಿ, ಕಾಗದ ಯಾವುದು ಎಂದು ಕೇಳುತ್ತೇವೆ. ಮನೆಯಲ್ಲಿ ನಮ್ಮ ಮಗನಿಗೂ ಮಗಳಿಗೂ ಇದನ್ನೇ ರೂಢಿ ಮಾಡಿಸುತ್ತಿದ್ದೇವೆ. ಮಗಳು ಈಗ ನಮ್ಮನ್ನೇ ಹಿಡಿದು ಕೇಳುತ್ತಾಳೆ.

ಸಂಘದ ಕಾರ್ಯಕಾರಿ ಸಮಿತಿಗೆ ಒಂದು ಸೂಚನೆ. ಪ್ರತಿವರ್ಷ ಮಕ್ಕಳನ್ನು ಎಲಿಫೆಂಟಾಕ್ಕೆ ಕರೆದೊಯ್ಯುತ್ತೇವೆ. ಈ ಸಲ ಮುಂಚಿತವಾಗಿ ಅನುಮತಿ ಪಡೆದು, ಶನಿವಾರ ಬಿಟ್ಟು ಒಂದು ಭಾನುವಾರ, ಬೈಕಲಾದ ಮಾಗೆನ್ ಡೇವಿಡ್, ಕಾಲಾ ಘೋಡಾದ 1884ರ ಕೆನೆಸೆತ್ ಎಲಿಯಾಹೂ ಸಿನಗಾಗುಗಳನ್ನು ತೋರಿಸಬಹುದು. ತಲೆಗೆ ಟೊಪ್ಪಿಗೆ ಅಥವಾ ಕರವಸ್ತ್ರ ತರಬೇಕು. ಮಧ್ಯಾಹ್ನದ ಅವಲಕ್ಕಿಯ ವ್ಯವಸ್ಥೆಯನ್ನು ನಮ್ಮ ಮನೆಯವರು ವಹಿಸಿಕೊಂಡಿದ್ದಾರೆ.